ಅಪ್‌ಡೇಟ್: ಮುತ್ತಜ್ಜ ಹೋಗಿದ್ದು ಮಿಮೋಸಾದಲ್ಲಿ ಅಲ್ಲ

ನನ್ನ ಗಂಡನ ಮುತ್ತಜ್ಜ ವೇಲ್ಸ್‌ನಿಂದ ಅರ್ಜೆಂಟೀನಾದ ಪ್ಯಾಟಗೋನಿಯಾಕ್ಕೆ, ವಲಸಿಗರ ಮೊದಲ ಹಡಗಾದ 1865ರ ಮಿಮೋಸಾದಲ್ಲೇ ಹೋದರಾ ಅಂತ ಕೇಳಿದ್ದೆ, ನೆನಪಿದೆ ಅಲ್ವಾ? ಉತ್ತರ ಸಿಕ್ಕಿತು. ಅದರಲ್ಲಿ ಹೋಗಿರಲಿಲ್ಲ. ಸುಮಾರು 150 ಜನರ ಆ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಜೋನ್ಸ್ ಅನ್ನೋ ಮನೆತನದ ಹೆಸರಿನವರೇ ಜಾಸ್ತಿ. ಬೇರೆ ಯಾರನ್ನೋ ನಮ್ಮವರು ಅಂದುಕೊಂಡಿದ್ದೆವು.

ಅತ್ತೆಯ ಪೆಟ್ಟಿಗೆಯಲ್ಲಿ ಮುತ್ತಜ್ಜ ಬರೆದ ಹಳೇ ಕಾಗದ ಸಿಕ್ಕಿತು. ಅದರಲ್ಲಿ ವೆಸ್ತಾ ಹಡಗಿನ ಹೆಸರಿದೆ. ರೈಲು ಹಳಿ ಹಾಕಲು 1886ರಲ್ಲಿ ಪ್ಯಾಟಗೋನಿಯಾದ ಚುಬುಟ್ ಕಣಿವೆಗೆ ನಾನೂರಕ್ಕೂ ಹೆಚ್ಚು ವೇಲ್ಸ್ ಜನರನ್ನು ಕರೆದೊಯ್ದ ಹಡಗು ಅದು. ಅಲ್ಲಿನ ಟ್ರೆಲ್ಯೂ ಊರು ಹುಟ್ಟಿದ್ದೇ ಆ ಹಳಿಯಿಂದ. ವೇಲ್ಸ್ ಭಾಷೆಯಲ್ಲಿ 'ಟ್ರೆ' ಅಂದರೆ ಊರು, 'ಲ್ಯೂ' ಬಂದಿದ್ದು ವಸಾಹತಿನ ಮುಖಂಡ ಲೂಯಿಸ್ ಜೋನ್ಸ್ ಹೆಸರಿನಿಂದ.

ಮೊದಲ ಹಡಗಿನವರಲ್ಲ ಅಂತ ಅತ್ತೆಗೆ ಸ್ವಲ್ಪ ಬೇಜಾರಾಯಿತು. ಆದರೆ ಅಜ್ಜನ ಕೈಬರಹ ನೋಡಿ ಕಣ್ಣು ತುಂಬಿಕೊಂಡರು. ಇನ್ನು ಅದೇ ಕಣಿವೆಯ ಗೈಮನ್ ಊರಿನ ಕಡೆಯ ಚಾಪೆಲ್‌ಗಳ (ಚಿಕ್ಕ ಚರ್ಚ್‌ಗಳ) ಮದುವೆ ದಾಖಲೆ ಹುಡುಕುತ್ತೇನೆ.