ಪದಚರ್ಚೆ: ವೀಣೆಯ ‘ಕುದುರೆ’ ಮಕ್ಕಳ ಒಗಟಿನಲ್ಲಿ ‘ಸೇತುವೆ’ ಆಗಬೇಕಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಮ್ಮ ಬೀದಿಯ ಮಕ್ಕಳಿಗಾಗಿ ನಾವು ನಾಲ್ಕೈದು ಜನ ಸೇರಿ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇವೆ. 16 ಪುಟ. ಒಂದು ಪುಟದಲ್ಲಿ ಒಗಟು, ತಿರುವಿದರೆ ಉತ್ತರ ಮತ್ತು ಚಿತ್ರ. ಎಲ್ಲ ಒಗಟೂ ವೀಣೆಯ ಮೇಲೆಯೇ. ನಾನು ಬರೆದ ಒಂದು ಒಗಟು ಹೀಗಿತ್ತು:

ಲಾಯವಿಲ್ಲ, ಲಗಾಮಿಲ್ಲ, ಓಡದ ಕುದುರೆ;
ಬೆನ್ನ ಮೇಲೆ ಏಳು ಜನ ಸವಾರರು.

ಉತ್ತರ ‘ಕುದುರೆ’, ಅಂದರೆ ವೀಣೆಯ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು. ತಿದ್ದಲು ಕೊಟ್ಟಿದ್ದೆ. ಜೊತೆಯವರೊಬ್ಬರು ಉತ್ತರದ ಪುಟದಲ್ಲಿ ‘ಕುದುರೆ’ಗೆ ಅಡ್ಡಗೆರೆ ಎಳೆದು ‘ಸೇತುವೆ’ ಎಂದು ಬರೆದಿದ್ದರು. ಒಗಟನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಅಂದರು. ಅವರ ಕಾರಣ ಇಷ್ಟು: ಈಗಿನ ಮಕ್ಕಳು ಗಿಟಾರ್ ಕಲಿಯುತ್ತಾರೆ, ಕೀಬೋರ್ಡ್ ಕಲಿಯುತ್ತಾರೆ. ಗಿಟಾರಿನಲ್ಲಿ ಈ ತುಂಡಿಗೆ ಹೇಳುವ ‘ಬ್ರಿಡ್ಜ್’ ಅನ್ನುವ ಮಾತು ಕಿವಿಗೆ ಬಿದ್ದಿರುತ್ತದೆ. ಅದನ್ನೇ ಕನ್ನಡದಲ್ಲಿ ಹೇಳಿದರೆ ಬೇಗ ಹಿಡಿಯುತ್ತಾರೆ. ವೀಣೆಯಲ್ಲಿ ಕುದುರೆ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುವುದು ಬೇಡ.

ಅವರ ಮಾತಿನಲ್ಲಿ ಮಕ್ಕಳ ಮೇಲಿನ ಕಾಳಜಿ ಇದೆ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ವೀಣೆಯನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ವೀಣೆಯ ದುಂಡನೆಯ ಟೊಳ್ಳು ಒಡಲಿಗೆ ಕೊಡ ಅನ್ನುತ್ತಾರೆ. ಕೊಡದ ಮೇಲೆ ಒಂದು ಗಿಡ್ಡ ಮರದ ತುಂಡು ನಿಂತಿರುತ್ತದೆ. ಅದರ ನೆತ್ತಿಗೆ ಲೋಹದ ತಗಡು. ಬಿರಡೆಯಿಂದ (ತಿರುಗಿಸಿ ತಂತಿ ಬಿಗಿಸುವ ಗೂಟ) ಹೊರಟ ತಂತಿ ದಂಡಿಯ (ವೀಣೆಯ ಉದ್ದನೆಯ ಕತ್ತು) ಉದ್ದಕ್ಕೂ ಬಂದು, ಇದರ ಮೇಲೆ ಹಾದು, ಹಿಂದುಗಡೆ ನಾಗಪಾಶಕ್ಕೆ ಬಿಗಿದಿರುತ್ತದೆ. ತಂತಿಯ ನಡುಕವನ್ನು ಕೊಡದ ಹಲಗೆಗೆ ದಾಟಿಸುವುದು ಈ ತುಂಡೇ. ದಾಟಿಸುತ್ತದೆ ಅನ್ನುವ ಲೆಕ್ಕದಲ್ಲಿ ‘ಸೇತುವೆ’ ಅರ್ಥಕ್ಕೆ ದೂರವೇನಲ್ಲ. ಆದರೆ ನಮ್ಮ ಹಿರಿಯರು ಕಂಡದ್ದು ಬೇರೆ. ತಂತಿ ಸವಾರಿ ಕೂತಿರುವುದನ್ನು ಕಂಡರು.

ಹಾಗೆ ಕಂಡವರು ನಾವಷ್ಟೇ ಅಲ್ಲ. ತಮಿಳಿನಲ್ಲಿ ಇದು ‘ಕುದಿರೈ’. ಹಿಂದಿಯವರಿಗೆ ‘ಘೋಡಿ’. ಫ್ರೆಂಚರು ಪಿಟೀಲಿನಲ್ಲಿ ಇದೇ ತುಂಡನ್ನು ‘ಶೆವಲೆ’ ಅನ್ನುತ್ತಾರೆ, ಅಂದರೆ ಪುಟ್ಟ ಕುದುರೆ. ಪಾರಸಿಯಲ್ಲಿ ‘ಖರಕ್’, ಪುಟ್ಟ ಕತ್ತೆ! ಸೇತುವೆ ಎಂದದ್ದು ಇಂಗ್ಲಿಷ್. ಇಷ್ಟು ಭಾಷೆಗಳ ಜನ ಪ್ರಾಣಿಯನ್ನೇ ಕಂಡಿರುವಾಗ, ನಾವು ಇರುವ ಕುದುರೆಯನ್ನು ಬಿಟ್ಟು ಸೇತುವೆ ಕಟ್ಟುವುದು ಯಾಕೆ? ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಚದುರಂಗದಲ್ಲಿ ಕುದುರೆ ನಡೆಸುವ ಮಗು ಅದು ಹುಲ್ಲು ತಿನ್ನುತ್ತದಾ ಅಂತ ಕೇಳುವುದಿಲ್ಲ. ಕೋವಿಗೂ ಒಂದು ಕುದುರೆ ಇದೆ, ಮಲೆನಾಡಿನವರಿಗೆ ಗೊತ್ತು.

ನನ್ನ ದೊಡ್ಡಮ್ಮನ ಮನೆಯಲ್ಲಿ ಹಲಸಿನ ಮರದ ಹಳೆಯ ವೀಣೆ ಇದೆ. ಹೋದ ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಏಳು ವರ್ಷ ಅವಳಿಗೆ. ಒಗಟು ಹೇಳಿ, “ಈ ಮನೆಯಲ್ಲೇ ಇದೆ, ಹುಡುಕು” ಅಂದೆ. ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದಳು. ಆಮೇಲೆ ಷೋಕೇಸಿನ ಬೊಂಬೆಗಳು. ಕೊನೆಗೆ ಜಮಖಾನದ ಮೇಲಿದ್ದ ವೀಣೆಯ ಮುಂದೆ ಕೂತು, ಅದರ ತುದಿಯಲ್ಲಿ ಕೆತ್ತಿರುವ ಯಾಳಿ ಎಂಬ ಸಿಂಹದಂಥ ಪ್ರಾಣಿಯ ಮುಖ ಮುಟ್ಟಿದಳು, “ಇದು ಕುದುರೆ ಅಲ್ಲ, ಹಲ್ಲಿದೆ” ಅಂದಳು. ಅಲ್ಲಿಂದ ತಂತಿಯ ಮೇಲೆ ಬೆರಳು ಜಾರಿಸಿಕೊಂಡು ಬಂದು ಈ ಮರದ ತುಂಡಿನ ಹತ್ತಿರ ನಿಂತಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಚಿಕ್ಕಮ್ಮಾ, ಏಳು ಜನ ಅಲ್ಲ. ಮೇಲೆ ಕೂತಿರೋದು ನಾಲ್ಕೇ. ಮೂರು ಪಕ್ಕದಲ್ಲಿ ಇವೆ” ಅಂದಳು.

ಅವಳು ಹೇಳಿದ್ದೇ ಸರಿ. ನುಡಿಸುವ ನಾಲ್ಕು ತಂತಿ ಕುದುರೆಯ ಬೆನ್ನ ಮೇಲೆ. ತಾಳಕ್ಕೆ ಕಿರುಬೆರಳಿನಿಂದ ಮೀಟುವ ಮೂರು ತಂತಿ ಪಕ್ಕಕ್ಕೆ ಸೇರಿಸಿದ ಬಾಗಿದ ಪಟ್ಟಿಯ ಮೇಲೆ. ಒಗಟನ್ನು ಅಲ್ಲೇ ತಿದ್ದಿದೆ:

ಲಾಯವಿಲ್ಲ, ಲಗಾಮಿಲ್ಲ, ಓಡದ ಕುದುರೆ;
ಬೆನ್ನ ಮೇಲೆ ನಾಲ್ವರು, ಪಕ್ಕದಲ್ಲಿ ಮೂವರು;
ತಟ್ಟಿ ಎಬ್ಬಿಸಿದರೆ ಮನೆಯೆಲ್ಲ ಹಾಡು.

‘ಸೇತುವೆ’ ಎಂದಿದ್ದರೆ ಅವಳು ಸವಾರರನ್ನು ಎಣಿಸುತ್ತಿರಲಿಲ್ಲ. ಒಗಟಿನ ಜೀವ ಇರುವುದೇ ಆ ಹೆಸರಿನಲ್ಲಿ.

ಇನ್ನೊಂದು ಪದ ‘ಮೆಟ್ಟಿಲು’. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಲೋಹದ ಕಂಬಿಗಳಿಗೆ ದೊಡ್ಡಮ್ಮ ಮೆಟ್ಟಿಲು ಅನ್ನುತ್ತಾರೆ. ‘ಮೇಳ’, ‘ಮೆಟ್ಟು’ ಅನ್ನುವವರೂ ಇದ್ದಾರೆ. ಒಗಟಿಗೆ ನನಗೆ ಮೆಟ್ಟಿಲೇ ಇಷ್ಟ: “ಇಪ್ಪತ್ತನಾಲ್ಕು ಮೆಟ್ಟಿಲು, ಹತ್ತೋಕೆ ಕಾಲು ಬೇಡ, ಬೆರಳು ಸಾಕು.” ಇದರಲ್ಲಿ ಒಂದು ಚೆಂದದ ವಿಷಯವಿದೆ. ಸ್ವರ ಮೇಲಕ್ಕೆ ಹೋದಂತೆ ಮೆಟ್ಟಿಲುಗಳು ಒಂದಕ್ಕೊಂದು ಹತ್ತಿರ ಆಗುತ್ತಾ ಬರುತ್ತವೆ. ಕಲಾವಿದರಿಗೆ ಹೇಳಿ ಚಿತ್ರದಲ್ಲೂ ಹಾಗೆಯೇ ಬರೆಸುತ್ತಿದ್ದೇವೆ. ಎಲ್ಲ ಮೆಟ್ಟಿಲೂ ಸಮ ದೂರದಲ್ಲಿರುವ ವೀಣೆಯ ಚಿತ್ರ ನೋಡಿದರೆ ನನಗೆ ಕಸಿವಿಸಿ.

ಕ್ರಿಯಾಪದದ ಬಗ್ಗೆಯೂ ಚರ್ಚೆ ಆಯಿತು. ವೀಣೆ ‘ಬಾರಿಸು’ ಅನ್ನಬಾರದು, ‘ನುಡಿಸು’ ಅನ್ನಬೇಕು, ಬಾರಿಸುವುದು ಚರ್ಮವಾದ್ಯಕ್ಕೆ ಮಾತ್ರ ಅಂತ ಒಬ್ಬರು ಹೇಳಿದರು. ಇದನ್ನು ನಾನು ಒಪ್ಪಲಾರೆ. 12ನೇ ಶತಮಾನದ ಬಸವಣ್ಣನವರು ತಮ್ಮ ಮೈಯನ್ನೇ ವಾದ್ಯ ಮಾಡು ಎಂದು ಕೇಳುವ ವಚನದಲ್ಲಿ ದಂಡಿಗೆ, ಸೋರೆ, ತಂತಿ ಎಲ್ಲ ಬರುತ್ತವೆ. ಕೊನೆಗೆ ಬರುವ ಮಾತು ‘ಬಾರಿಸು’. ಶಿಶುನಾಳ ಶರೀಫರ ತಂಬೂರಿಯ ಪದದಲ್ಲೂ ‘ಬಾರಿಸು’ವುದೇ. ಹಾಗಾಗಿ ಮಗು ‘ವೀಣೆ ಬಾರಿಸ್ತೀನಿ’ ಅಂದರೆ ತಿದ್ದುವ ಅಗತ್ಯ ಇಲ್ಲ. ಆದರೆ ನಮ್ಮ ಪುಸ್ತಕದಲ್ಲಿ ‘ನುಡಿಸು’ ಇಟ್ಟಿದ್ದೇವೆ. ಅದಕ್ಕೆ ಕಾರಣ ಒಗಟು: “ಬಾಯಿಲ್ಲ, ನಾಲಿಗೆಯಿಲ್ಲ, ನುಡಿಸಿದರೆ ನುಡಿಯುತ್ತದೆ.” ಮಾತಾಡಿಸುವುದೂ ನುಡಿಸುವುದೇ, ವಾದ್ಯದಿಂದ ಸ್ವರ ತೆಗೆಯುವುದೂ ನುಡಿಸುವುದೇ. ಇಂಥ ಜೋಡಿ ಸಿಕ್ಕಿರುವಾಗ ಬಿಡುವುದುಂಟಾ?

ಬಿರಡೆಗೆ “ಕಿವಿ ಹಿಂಡಿದರೆ ಅಳುವುದಿಲ್ಲ, ಶ್ರುತಿ ಸೇರುತ್ತದೆ” ಅಂತ ಬರೆದಿದ್ದೇವೆ. ದಂಡಿಯ ಕೆಳಗೆ ಕೂರಿಸುವ ಬುರುಡೆಗೆ ಇನ್ನೂ ಒಗಟು ಹೊಳೆದಿಲ್ಲ. ಮೊದಲೆಲ್ಲ ಒಣಗಿದ ಸೋರೆಬುರುಡೆ ಇರುತ್ತಿತ್ತು. ಈಗ ಕಾಗದದ ರೊಟ್ಟಿನದೋ ಫೈಬರಿನದೋ ಜಾಸ್ತಿ. ಸೋರೆಬಳ್ಳಿಯನ್ನೇ ನೋಡದ ಮಕ್ಕಳಿಗೆ ಇದನ್ನು ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೇನೆ.

ಬಲ್ಲವರು ಮೂರು ವಿಷಯ ತಿಳಿಸಿ. ನಿಮ್ಮ ಕಡೆ ವಾದ್ಯ ಮಾಡುವವರು, ರಿಪೇರಿ ಮಾಡುವವರು ಈ ತುಂಡಿಗೆ ‘ಕುದುರೆ’ ಅಂತಲೇ ಅನ್ನುತ್ತಾರಾ, ಬೇರೆ ಮಾತಿದೆಯಾ? ನಮ್ಮ ಮನೆಯಲ್ಲಿ ಪಿಟೀಲಿನದಕ್ಕೂ ಕುದುರೆ ಅಂತಲೇ ಅನ್ನುತ್ತೇವೆ. ಎರಡನೆಯದು, ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ದಾರದ ಎಳೆ. ದೊಡ್ಡಮ್ಮ ಅದಕ್ಕೆ ‘ಜೀವಾಳ’ ಅನ್ನುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಮಂಕಾಗಿದ್ದ ತಂತಿ ಝೇಂಕರಿಸುತ್ತದೆ. ಉತ್ತರ ಕರ್ನಾಟಕದ ಕಡೆ ಇದಕ್ಕೆ ಏನನ್ನುತ್ತಾರೆ? ಮೂರನೆಯದು, ವಾದ್ಯಗಳ ಮೇಲೆ ನಿಮ್ಮ ಅಜ್ಜಿ, ಅಮ್ಮ ಹೇಳುತ್ತಿದ್ದ ಒಗಟು ಇದ್ದರೆ ಅವರ ಮಾತಿನಲ್ಲೇ ಬರೆದು ಕಳಿಸಿ. ಒಡಪು ಅನ್ನಿ, ಎದುರುಕತೆ ಅನ್ನಿ, ತಿದ್ದಿ ನಯ ಮಾಡಬೇಡಿ. ಎರಡು ಪುಟ ಖಾಲಿ ಇಟ್ಟುಕೊಂಡು ಕಾಯುತ್ತಿದ್ದೇವೆ.