ಸಹಾಯ ಬೇಕು: 7 ಟೆಸ್ಲಾ ಎಂಆರ್‌ಐ ಒಳಗೆ ಮಲಗಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಓದುತ್ತಿದ್ದೇನೆ. ಮೆದುಳಿನ ಸಂಶೋಧನೆಯೊಂದಕ್ಕೆ 7 ಟೆಸ್ಲಾ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐನಲ್ಲಿ ಮಲಗಲು ಜನ ಬೇಕಂತೆ. ಫ್ರಾನ್ಸ್‌ನ ಸಕ್ಲೇಯಲ್ಲಿ 11.7 ಟೆಸ್ಲಾ ಯಂತ್ರ ತೆಗೆದ ಮೆದುಳಿನ ಚಿತ್ರಗಳು 2024ರಲ್ಲಿ ಹೊರಬಂದವಲ್ಲ, ನಾಲ್ಕೇ ನಿಮಿಷದಲ್ಲಿ 0.2 ಮಿ.ಮೀ. ವಿವರ! ಅವನ್ನು ನೋಡಿದಾಗಿನಿಂದ ನನಗೂ ಆಸೆ.

ಆದರೆ ನನ್ನ ಕೆಳಹಲ್ಲುಗಳ ಹಿಂದೆ, ಕ್ಲಿಪ್ ತೆಗೆದ ಮೇಲೆ ಅಂಟಿಸಿದ ತಂತಿ ಇದೆ. ಊರಲ್ಲಿ ಹಾಕಿಸಿದ್ದು. ಯಾವ ಲೋಹ ಅಂತ ಚೀಟಿಯಲ್ಲಿಲ್ಲ.

"3 ಟೆಸ್ಲಾಗೆ ಸರಿ ಅಂದ್ರೆ ಇದಕ್ಕೂ ಸರಿ ಬಿಡು" ಅಂತಾನೆ ಗೆಳೆಯ. ಸುಮ್ನೆ ಹಾಗೆ ಹೇಳೋಕಾಗಲ್ಲ ಅಲ್ವಾ? ಅಯಸ್ಕಾಂತದ ಎಳೆತ ಒಂದೇ ಅಲ್ಲ, ಯಂತ್ರ ಕಳಿಸುವ ರೇಡಿಯೊ ಅಲೆಯ ಕಂಪನಾಂಕವೂ ಬದಲಾಗುತ್ತದೆ. 3 ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್, 7ರಲ್ಲಿ ಸುಮಾರು 298. ಆಗ ಮೆದುಳಿನೊಳಗೆ ಅಲೆಯ ಉದ್ದ 12–13 ಸೆಂ.ಮೀ.ಗೆ ಇಳಿಯುತ್ತದೆ, ಅಂದರೆ ತಲೆಗಿಂತ ಚಿಕ್ಕದು. ಶಕ್ತಿ ಸಮನಾಗಿ ಹರಡುವುದಿಲ್ಲ. ಉದ್ದ, ಜಾಗ ನೋಡಿಕೊಂಡು ತಂತಿ ಬಿಸಿಯಾಗಲೂಬಹುದು.

ಕೊನೆಯ ಮಾತು ಸಂಶೋಧನಾ ಕೇಂದ್ರದವರದ್ದೇ, ಗೊತ್ತು. ಆದರೂ ಅವರ ಮುಂದೆ ಹೋಗುವ ಮೊದಲು ಕೇಳುತ್ತಿದ್ದೇನೆ. ಇಂಥ ತಂತಿ ಇದ್ದವರನ್ನು 7 ಟೆಸ್ಲಾಗೆ ಬಿಟ್ಟರಾ, ವಾಪಸ್ ಕಳಿಸಿದರಾ? ಊರಿನ ಹಲ್ಲಿನ ಡಾಕ್ಟರಿಂದ ಏನು ಬರೆಸಿಕೊಳ್ಳಬೇಕು? ಲೋಹದ ಹೆಸರು ಸಾಕಾ?

ಇನ್ನೊಂದು. ಒಳಗೆ ಸರಿಯುವಾಗ ಕಾಂತಕ್ಷೇತ್ರ ಒಳಗಿವಿಯ ದ್ರವವನ್ನು ತಳ್ಳಿ ತಲೆ ಸುತ್ತುತ್ತದಂತೆ. ಘಾಟಿ ರಸ್ತೆಯಲ್ಲೇ ವಾಂತಿ ಮಾಡುವವನು ನಾನು! ಎಷ್ಟು ಹೊತ್ತು ಇರುತ್ತದೆ? ರೇಡಿಯಾಲಜಿ, ಎಂಆರ್ ಫಿಸಿಕ್ಸ್‌ನವರು ಇದ್ದರೆ ದಯವಿಟ್ಟು ತಿಳಿಸಿ.