ಸಣ್ಣ ಸಂಘಕ್ಕೆ ಅನುದಾನ, ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ: ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಓದಿಗೆ ಆಸರೆಯಿಲ್ಲದ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳಿಕೊಡುವ, ಜೊತೆಗೆ ಪುಟ್ಟದೊಂದು ಗ್ರಂಥಾಲಯವನ್ನೂ ನಡೆಸುವ ಸಣ್ಣ ಸಂಘವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಸದಸ್ಯರ ವಂತಿಗೆಯಿಂದಲೇ ಎಲ್ಲವೂ ಸಾಗಿದೆ. ಮಕ್ಕಳ ಸಂಖ್ಯೆ ಏರುತ್ತಿರುವುದರಿಂದ ಇನ್ನು ಮುಂದೆ ಅದು ಸಾಲದು. ಹಲವು ದಾನಿ ಸಂಸ್ಥೆಗಳಿಗೆ ಅರ್ಜಿ ಕಳುಹಿಸಿದ್ದೇವೆ. ಕೆಲವರಿಂದ ಉತ್ತರವೇ ಇಲ್ಲ, ಉಳಿದವರಿಂದ ಎರಡು ಸಾಲಿನ ನಿರಾಕರಣೆ ಬಂದಿದೆ. ಅರ್ಜಿಯನ್ನು ಓದುವವರು ನಿಜವಾಗಿ ಏನನ್ನು ನೋಡುತ್ತಾರೆ? ಶಿಕ್ಷಕರ ಸಂಬಳ, ಕಟ್ಟಡದ ಬಾಡಿಗೆ ಇವನ್ನೆಲ್ಲ ಅನುದಾನದಲ್ಲಿ ಕೇಳಬಹುದೇ, ಅಥವಾ ಕೇಳಿದರೆ ಅರ್ಜಿಯೇ ಬಿದ್ದುಹೋಗುತ್ತದೆಯೇ?

ಇನ್ನೊಂದು ವಿಷಯವೂ ಇದೆ. ನಮ್ಮಲ್ಲಿ ಓದಿ ಬೆಳೆದ ಕೆಲವರು ಈಗ ಪದವಿ ಮುಗಿಸುವ ಹಂತದಲ್ಲಿದ್ದು, ಹೊರದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂಬ ಆಸೆ ಇಟ್ಟುಕೊಂಡಿದ್ದಾರೆ. ಅವರಿಗೆ ವಿದ್ಯಾರ್ಥಿವೇತನದ ದಾರಿ ತೋರಿಸುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 (ಅರ್ಜಿ ಪರಿಶೀಲನಾ ಸಮಿತಿಗಳಲ್ಲಿ ಕೆಲಸ ಮಾಡಿದವರಿಂದ)

ಮಾನ್ಯರೇ, ತಾವು ಮಾಡುತ್ತಿರುವ ಕೆಲಸ ದೊಡ್ಡದು. ಅದಕ್ಕೆ ಹಣ ಸಿಗಲೇಬೇಕೆಂಬ ಆಸೆಯಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಿರಾಕರಣೆಗೊಳ್ಳುವ ಅರ್ಜಿಗಳಲ್ಲಿ ಬಹಳಷ್ಟು ಕೆಲಸದ ಕೊರತೆಯಿಂದ ಬೀಳುವುದಿಲ್ಲ, ತಪ್ಪು ಬಾಗಿಲು ತಟ್ಟಿದ್ದರಿಂದ ಬೀಳುತ್ತವೆ. ಪ್ರತಿಯೊಂದು ಅನುದಾನದ ಹಣವೂ ಯಾವುದೋ ಒಂದು ಉದ್ದೇಶಕ್ಕೆಂದು ಮೊದಲೇ ಎತ್ತಿಟ್ಟದ್ದಾಗಿರುತ್ತದೆ, ಮತ್ತು ಆ ಉದ್ದೇಶದಿಂದ ಹೊರಗಿರುವ ಕೆಲಸಕ್ಕೆ ಅದನ್ನು ಕೊಡುವ ಅಧಿಕಾರ ಸಮಿತಿಗೂ ಇರುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮವು 1992ರಿಂದ ನಡೆಯುತ್ತಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅದನ್ನು ನಿರ್ವಹಿಸುತ್ತದೆ. ಅದು ಸಮುದಾಯ ಸಂಘಟನೆಗಳಿಗೆ ಮತ್ತು ನಾಗರಿಕ ಸಂಸ್ಥೆಗಳಿಗೆ ನೇರವಾಗಿ ಹಣ ಕೊಡುತ್ತದೆ, ಆಯ್ಕೆಯನ್ನು ಆಯಾ ದೇಶದ ಸಮಿತಿಯೇ ಮಾಡುತ್ತದೆ. ಸಣ್ಣ ಸಂಘಗಳಿಗೆ ಇದಕ್ಕಿಂತ ಹತ್ತಿರದ ಬಾಗಿಲು ಕಡಿಮೆ. ಆದರೆ ಆ ಹಣ ಇರುವುದು ಜೀವವೈವಿಧ್ಯ, ಹವಾಮಾನ ಬದಲಾವಣೆ, ಭೂಮಿಯ ಸವಕಳಿ ಮುಂತಾದ ಪರಿಸರದ ಕೆಲಸಗಳಿಗೆ. ತಮ್ಮ ಸಂಜೆಯ ಪಾಠ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಅದಕ್ಕೆ ಜಾಗವಿಲ್ಲ. ಹಣಕ್ಕಾಗಿ ಮಕ್ಕಳ ಪಾಠದ ಮೇಲೆ ಪರಿಸರದ ಹೆಸರು ಅಂಟಿಸಿದರೆ, ಓದುವವರಿಗೆ ಅದು ಮೊದಲ ಪುಟದಲ್ಲೇ ಕಾಣಿಸುತ್ತದೆ. ಹಾಗೊಂದು ವೇಳೆ ಹಣ ಬಂದರೂ ಸಂಘವು ತನಗೆ ಬಾರದ ಕೆಲಸದಲ್ಲಿ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ದಾನಿಗಳ ಉದ್ದನೆಯ ಪಟ್ಟಿ ಮಾಡುವ ಮೊದಲು, ಪ್ರತಿಯೊಬ್ಬ ದಾನಿಯೂ ಹಿಂದಿನ ವರ್ಷಗಳಲ್ಲಿ ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಕೊಟ್ಟಿದ್ದಾರೆ ಎಂಬುದನ್ನು ಅವರ ವಾರ್ಷಿಕ ವರದಿಯಲ್ಲಿ ನೋಡಿ. ಅಮೆರಿಕದ ಪ್ರತಿಷ್ಠಾನಗಳ ಬಗ್ಗೆಯಾದರೆ, ಫೌಂಡೇಶನ್ ಸೆಂಟರ್ ಮತ್ತು ಗೈಡ್‌ಸ್ಟಾರ್ ಎಂಬ ಎರಡು ಸಂಸ್ಥೆಗಳು 2019ರಲ್ಲಿ ಒಂದಾಗಿ ರೂಪುಗೊಂಡ ಕ್ಯಾಂಡಿಡ್ ಇಂಥ ಮಾಹಿತಿಯನ್ನು ಒಂದೆಡೆ ಸಂಗ್ರಹಿಸಿಟ್ಟಿದೆ. ಹಾಗೆ ಹಣ ಪಡೆದವರ ಪಟ್ಟಿಯಲ್ಲಿ ತಮ್ಮಷ್ಟೇ ಗಾತ್ರದ ಸಂಘ ಒಂದೂ ಇಲ್ಲದಿದ್ದರೆ ಮುಂದಿನ ದಾನಿಯ ಕಡೆಗೆ ಹೋಗುವುದೇ ಲೇಸು. ಕೇಳುವ ಮೊತ್ತದ ವಿಷಯದಲ್ಲೂ ಇದೇ ಮಾತು: ಸಂಘದ ಇಡೀ ವರ್ಷದ ಖರ್ಚಿನ ಹತ್ತು ಪಟ್ಟು ಹಣವನ್ನು ಒಂದೇ ಸಲಕ್ಕೆ ಕೇಳಿದರೆ, ಅಷ್ಟನ್ನು ನಿಭಾಯಿಸುವ ಶಕ್ತಿ ಇವರಿಗಿದೆಯೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ.

ಇನ್ನು ಬರವಣಿಗೆಯ ಮಾತು. "ಮಕ್ಕಳ ಶೈಕ್ಷಣಿಕ ಸಬಲೀಕರಣದ ಮೂಲಕ ಸಮಗ್ರ ಸಾಮಾಜಿಕ ಪರಿವರ್ತನೆ" ಎಂಬಂಥ ವಾಕ್ಯವನ್ನು ಪರಿಶೀಲಕರು ದಿನಕ್ಕೆ ಎಷ್ಟೋ ಸಲ ಓದಿರುತ್ತಾರೆ, ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು, "ಐದನೇ ತರಗತಿ ದಾಟಿದರೂ ಒಂದು ಪುಟವನ್ನು ತಡವರಿಸದೆ ಓದಲಾಗದ ನಲವತ್ತು ಮಕ್ಕಳು ನಮ್ಮಲ್ಲಿದ್ದಾರೆ, ವರ್ಷದ ಮೊದಲಿಗೆ, ನಡುವೆ ಮತ್ತು ಕೊನೆಗೆ ಒಂದೇ ಮಟ್ಟದ ಪುಟವನ್ನು ಓದಿಸಿ, ಪ್ರತಿ ಮಗುವಿನ ಫಲಿತಾಂಶವನ್ನು ದಾಖಲಿಸುತ್ತೇವೆ" ಎಂದು ಬರೆದು ನೋಡಿ. ಸಮಸ್ಯೆ ಯಾವುದು, ಯಾರದು, ಕೆಲಸ ಆಯಿತೆಂದು ತಿಳಿಯುವುದು ಹೇಗೆ ಎಂಬ ಮೂರಕ್ಕೂ ಅಲ್ಲಿ ಉತ್ತರವಿದೆ. ಅನೇಕ ದಾನಿಗಳು ಕೇಳುವ ಲಾಗ್‌ಫ್ರೇಮ್ ಎಂಬ ಕೋಷ್ಟಕವೂ ಇದನ್ನೇ ಕೇಳುತ್ತದೆ. ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾಗಿದ್ದ ಯುಎಸ್‌ಏಡ್‌ಗಾಗಿ 1969ರ ಸುಮಾರಿಗೆ ರೂಪಿಸಿದ ಈ ಕೋಷ್ಟಕದಲ್ಲಿ ಗುರಿ, ಅಳತೆಗೋಲು, ಪುರಾವೆ ಇವುಗಳ ಪಕ್ಕದಲ್ಲಿ ಪೂರ್ವಗ್ರಹಿಕೆಗಳಿಗೆಂದು, ಅಂದರೆ ಕೆಲಸ ಸಾಗಲು ಹೀಗಿರುತ್ತದೆಂದು ನಾವು ಮೊದಲೇ ನಂಬಿಕೊಂಡ ಸಂಗತಿಗಳಿಗೆಂದು, ಒಂದು ಅಂಕಣವಿರುತ್ತದೆ. ಬಹುತೇಕರು ಅಲ್ಲಿ ಕಾಟಾಚಾರಕ್ಕೆ ಏನನ್ನೋ ತುಂಬುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಹಾಜರಾತಿ ಕುಸಿಯಬಹುದು, ಶಿಕ್ಷಕರೊಬ್ಬರು ನಡುವೆಯೇ ಬಿಟ್ಟುಹೋಗಬಹುದು ಎಂದು ಪ್ರಾಮಾಣಿಕವಾಗಿ ಬರೆದು, ಆಗ ಏನು ಮಾಡುತ್ತೇವೆಂದೂ ತಿಳಿಸಿದ ಅರ್ಜಿಯ ಮೇಲೆ ನನಗಂತೂ ಹೆಚ್ಚು ನಂಬಿಕೆ ಮೂಡುತ್ತದೆ.

ಉತ್ತರ 2 (ಲಾಭರಹಿತ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವರಿಂದ)

ಸಂಬಳ ಮತ್ತು ಬಾಡಿಗೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಖಂಡಿತವಾಗಿ ಕೇಳಿ. ಪಾಠ ಹೇಳುವ ಶಿಕ್ಷಕರ ಸಂಬಳವು ಯೋಜನೆಯ ನೇರ ವೆಚ್ಚ. ಅದನ್ನು ಆಡಳಿತ ವೆಚ್ಚವೆಂದು ಬರೆದುಕೊಂಡು ತಾವೇ ಹಿಂಜರಿಯಬೇಕಾಗಿಲ್ಲ. ಲೆಕ್ಕ ಬರೆಯುವವರ ಸಂಬಳ, ವಿದ್ಯುತ್ ಬಿಲ್ಲು, ಲೆಕ್ಕಪರಿಶೋಧನೆಯ ಶುಲ್ಕ ಇವು ಪರೋಕ್ಷ ವೆಚ್ಚಗಳು. ಇವಕ್ಕೆ ಕೆಲವು ದಾನಿಗಳು ಒಂದು ಮಿತಿಯಲ್ಲಿ ಹಣ ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. ಅಮೆರಿಕದ ಫೆಡರಲ್ ಅನುದಾನಗಳಲ್ಲಿ, ಪ್ರತ್ಯೇಕ ದರವನ್ನು ಒಪ್ಪಂದ ಮಾಡಿಕೊಳ್ಳದ ಸಂಸ್ಥೆಗಳಿಗೆ ಶೇಕಡಾ 10ರಷ್ಟಿದ್ದ ಈ ಮಿತಿಯನ್ನು 2024ರ ಅಕ್ಟೋಬರ್‌ನಿಂದ ಶೇಕಡಾ 15ಕ್ಕೆ ಏರಿಸಲಾಯಿತು. ಪರೋಕ್ಷ ವೆಚ್ಚವನ್ನು ಮುಚ್ಚಿಟ್ಟು ಬಜೆಟ್ಟನ್ನು ಹಗುರವಾಗಿ ತೋರಿಸಿದರೆ, ಆ ಭಾರವನ್ನು ಕೊನೆಗೆ ಹೊರುವವರು ಸಂಬಳವಿಲ್ಲದೆ ದುಡಿಯುವ ಕಾರ್ಯಕರ್ತರೇ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಜೆಟ್‌ನ ಪ್ರತಿ ಸಾಲೂ ತಾನಾಗಿಯೇ ಅರ್ಥವಾಗುವಂತಿರಬೇಕು. "ಪುಸ್ತಕಗಳು" ಎಂದು ಬರೆದು ಒಂದು ದುಂಡು ಮೊತ್ತ ಹಾಕುವ ಬದಲು, ಎಷ್ಟು ಮಕ್ಕಳಿಗೆ, ತಲಾ ಎಷ್ಟು ಪುಸ್ತಕ, ಒಂದರ ಬೆಲೆ ಎಷ್ಟು, ಆ ಬೆಲೆ ಎಲ್ಲಿಂದ ತಿಳಿಯಿತು ಎಂಬುದನ್ನು ಟಿಪ್ಪಣಿಯಲ್ಲಿ ಕೊಡಿ. ಹಣ ಬಿಡುಗಡೆಯಾಗುವ ಕ್ರಮವನ್ನೂ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಓದಿ. ಕೆಲವು ಅನುದಾನಗಳಲ್ಲಿ ಮೊದಲ ಕಂತಿನ ಖರ್ಚಿನ ವರದಿ ಒಪ್ಪಿಗೆಯಾದ ಮೇಲೆಯೇ ಎರಡನೇ ಕಂತು ಬರುತ್ತದೆ. ಇನ್ನು ಕೆಲವರಲ್ಲಿ ಮೊದಲು ತಾವೇ ಖರ್ಚು ಮಾಡಿ ರಸೀದಿ ತೋರಿಸಿದ ನಂತರ ಹಣ ಮರುಪಾವತಿಯಾಗುತ್ತದೆ. ಕೈಯಲ್ಲಿ ಉಳಿತಾಯವಿಲ್ಲದ ಸಂಘಕ್ಕೆ ಈ ಎರಡನೆಯ ಬಗೆ ತೀರಾ ಕಷ್ಟದ್ದು. ಒಂದು ಉದ್ದೇಶಕ್ಕೆ ಬಂದ ಹಣವನ್ನು ಇನ್ನೊಂದಕ್ಕೆ ಕೈಸಾಲದಂತೆಯೂ ಬಳಸಬೇಡಿ. ಪ್ರತಿ ಅನುದಾನಕ್ಕೂ ಪ್ರತ್ಯೇಕ ಲೆಕ್ಕ ಇಟ್ಟರೆ ವರದಿ ಬರೆಯುವಾಗ ಪರದಾಡಬೇಕಾಗುವುದಿಲ್ಲ.

ಉತ್ತರ 3 (ವಿದ್ಯಾರ್ಥಿವೇತನದ ಅರ್ಜಿದಾರರಿಗೆ ಮಾರ್ಗದರ್ಶನ ನೀಡುವವರಿಂದ)

ಉದ್ದೇಶದ ಬಗ್ಗೆ ಮೊದಲ ಉತ್ತರದಲ್ಲಿ ಬಂದ ಮಾತು ವಿದ್ಯಾರ್ಥಿವೇತನಗಳಿಗೂ ಅಷ್ಟೇ ಸಲ್ಲುತ್ತದೆ. ಅಮೆರಿಕದಲ್ಲಿ 1946ರಲ್ಲಿ ಆರಂಭವಾದ ಫುಲ್‌ಬ್ರೈಟ್ ಕಾರ್ಯಕ್ರಮದ ಗುರಿ ದೇಶಗಳ ನಡುವೆ ಪರಸ್ಪರ ತಿಳಿವಳಿಕೆ ಬೆಳೆಸುವುದು. ಆದ್ದರಿಂದ ಅಂಕಪಟ್ಟಿಯೊಂದೇ ಅಲ್ಲಿ ಸಾಲದು. 1983ರಲ್ಲಿ ಬ್ರಿಟಿಷ್ ಸರ್ಕಾರ ಆರಂಭಿಸಿದ ಚೀವ್‌ನಿಂಗ್ ವಿದ್ಯಾರ್ಥಿವೇತನವು ಮುಂದಾಳುಗಳಾಗಬಲ್ಲವರನ್ನು ಹುಡುಕುತ್ತದೆ, 2,800 ಗಂಟೆಗಳ ಕೆಲಸದ ಅನುಭವವನ್ನು ಕೇಳುತ್ತದೆ, ವ್ಯಾಸಂಗದ ನಂತರ ಕನಿಷ್ಠ ಎರಡು ವರ್ಷ ಸ್ವದೇಶದಲ್ಲಿರಬೇಕೆಂದು ಷರತ್ತು ಹಾಕುತ್ತದೆ. ಪದವಿ ಮುಗಿಸಿದ ವರ್ಷವೇ ಅದಕ್ಕೆ ಅರ್ಜಿ ಹಾಕಲು ಹೊರಟವರು ಈ ಷರತ್ತನ್ನು ಮೊದಲು ಓದಬೇಕು. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗಳಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪಠ್ಯಕ್ರಮವನ್ನು ನಡೆಸುತ್ತವೆ. ಅರ್ಜಿಯನ್ನು ಆಯಾ ಪದವಿಯ ಒಕ್ಕೂಟಕ್ಕೇ ನೇರವಾಗಿ ಸಲ್ಲಿಸಬೇಕು. ಜರ್ಮನಿಯ ಮಟ್ಟಿಗೆ, 1925ರಿಂದ ಇರುವ ಡಾಡ್ (DAAD, ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ) ಸಂಸ್ಥೆಯ ಮಾಹಿತಿಕೋಶದಲ್ಲಿ ಅದರ ವಿದ್ಯಾರ್ಥಿವೇತನಗಳ ಜೊತೆಗೆ ಇತರರು ಕೊಡುವುವೂ ಸಿಗುತ್ತವೆ. ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತವೆ ಎಂಬುದನ್ನೂ ನೆನಪಿಡಬೇಕು: ಆಕ್ಸ್‌ಫರ್ಡ್‌ನ ರೋಡ್ಸ್ ವಿದ್ಯಾರ್ಥಿವೇತನಕ್ಕೆ 1970ರ ದಶಕದ ನಡುಭಾಗದವರೆಗೆ ಮಹಿಳೆಯರು ಅರ್ಜಿ ಹಾಕುವಂತೆಯೇ ಇರಲಿಲ್ಲ. ಹಿಂದಿನ ವರ್ಷ ಯಾರೋ ಹೇಳಿದ್ದನ್ನು ನಂಬದೆ, ಈ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಬೇಕು.

ಹೆಸರಾಂತ ವಿದ್ಯಾರ್ಥಿವೇತನಗಳಿಗೆ ಪೈಪೋಟಿಯೂ ಹೆಚ್ಚು. ಸೇರಬೇಕೆಂದಿರುವ ವಿಭಾಗವೇ ಕೊಡುವ ಶುಲ್ಕ ವಿನಾಯಿತಿ, ಸಂಶೋಧನೆ ಅಥವಾ ಬೋಧನೆಯ ಸಹಾಯಕ ಹುದ್ದೆ, ವೃತ್ತಿಪರ ಸಂಘಗಳ ಸಣ್ಣ ನೆರವು ಇವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡುವುದೇ ಇಲ್ಲ. ಪೂರ್ಣ ವಿದ್ಯಾರ್ಥಿವೇತನ ಎಂಬ ಹೆಸರಿದ್ದರೂ ಬೋಧನಾ ಶುಲ್ಕ, ಊಟ ವಸತಿ, ಪ್ರಯಾಣ, ವಿಮೆ, ವೀಸಾ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಒಂದೊಂದನ್ನೇ ಕೇಳಿ ಖಚಿತಪಡಿಸಿಕೊಳ್ಳಲಿ.

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ದೊಡ್ಡ ಹುದ್ದೆಯಲ್ಲಿರುವವರು ಬರೆದ "ಈಕೆ ಪರಿಶ್ರಮಿ, ಸಚ್ಚಾರಿತ್ರ್ಯವುಳ್ಳವಳು" ಎಂಬ ಪತ್ರಕ್ಕಿಂತ, ಆಕೆಯನ್ನು ತರಗತಿಯಲ್ಲಿ ನೋಡಿದ ಅಧ್ಯಾಪಕರು "ಪ್ರಯೋಗದ ಫಲಿತಾಂಶ ಲೆಕ್ಕಕ್ಕೆ ಹೊಂದದಿದ್ದಾಗ ಉಳಿದವರು ಅಂಕಿಗಳನ್ನು ಸರಿಹೊಂದಿಸಿದರು, ಈಕೆ ಉಪಕರಣದ ದೋಷವನ್ನು ಹುಡುಕಿದಳು" ಎಂದು ಬರೆದ ಪತ್ರಕ್ಕೆ ತೂಕ ಹೆಚ್ಚು. ಕೊನೆಯ ದಿನಾಂಕಕ್ಕೆ ಒಂದೂವರೆ ತಿಂಗಳಾದರೂ ಮೊದಲೇ ಅವರನ್ನು ಕೇಳಿಕೊಂಡು, ಅರ್ಜಿಯ ಪ್ರತಿಯನ್ನೂ ಕೈಗೆ ಕೊಟ್ಟರೆ ಅವರಿಗೂ ಬರೆಯಲು ಅನುಕೂಲ. ಕೊನೆಯದಾಗಿ, ವಿದ್ಯಾರ್ಥಿವೇತನ ಮಂಜೂರಾಗಿದೆ, ಅದನ್ನು ಬಿಡುಗಡೆ ಮಾಡಲು ಹಣ ಕಟ್ಟಿ ಎಂದು ಯಾರಾದರೂ ಕೇಳಿದರೆ ಅದು ವಂಚನೆ ಎಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಸಂಘ ಇನ್ನೂ ನೋಂದಣಿಯಾಗಿಲ್ಲ. ನೋಂದಣಿ ಮುಗಿಯುವವರೆಗೆ ಯಾವ ಅನುದಾನಕ್ಕೂ ಅರ್ಜಿ ಹಾಕುವಂತಿಲ್ಲವೇ?

ಉತ್ತರ 1 ಬರೆದವರಿಂದ

ಹಾಕಬಹುದು. ನೋಂದಾಯಿತ ಸಂಸ್ಥೆಯೊಂದು ತಮ್ಮ ಪರವಾಗಿ ಹಣ ಸ್ವೀಕರಿಸಿ, ಲೆಕ್ಕ ಒಪ್ಪಿಸುವ ಆತಿಥೇಯ ವ್ಯವಸ್ಥೆಗೆ ಕೆಲವು ದಾನಿಗಳು ಅವಕಾಶ ಕೊಡುತ್ತಾರೆ. ತಮ್ಮ ದೇಶದ ಕಾನೂನು ಅದನ್ನು ಒಪ್ಪುತ್ತದೆಯೇ ಎಂಬುದನ್ನು ಮಾತ್ರ ವಕೀಲರಲ್ಲಿ ವಿಚಾರಿಸಿಕೊಳ್ಳಿ. ಆ ಸಂಸ್ಥೆ ಎಷ್ಟು ಪಾಲನ್ನು ಹಿಡಿದುಕೊಳ್ಳುತ್ತದೆ, ಎಷ್ಟು ದಿನಗಳೊಳಗೆ ಹಣವನ್ನು ದಾಟಿಸುತ್ತದೆ, ವರದಿಗೆ ಸಹಿ ಹಾಕುವವರು ಯಾರು, ಒಡಂಬಡಿಕೆ ಮುಗಿದ ಮೇಲೆ ಗ್ರಂಥಾಲಯಕ್ಕೆ ಕೊಂಡ ಪುಸ್ತಕಗಳು ಯಾರಿಗೆ ಸೇರುತ್ತವೆ ಎಂಬುದೆಲ್ಲವೂ ಅರ್ಜಿ ಸಲ್ಲಿಸುವ ಮೊದಲೇ ಲಿಖಿತವಾಗಿರಲಿ. ನಿರಾಕರಿಸಿದ ದಾನಿಗಳಿಗೂ ಒಂದು ಪತ್ರ ಬರೆದು ಪರಿಶೀಲಕರ ಅಭಿಪ್ರಾಯವನ್ನು ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ, ಆದರೆ ಉತ್ತರಿಸಿದವರ ಮುಂದಿನ ಸುತ್ತಿಗೆ ಅದೇ ಅರ್ಜಿಯನ್ನು ತಿದ್ದಿ ಕಳುಹಿಸಬಹುದು.